ಮಗಳ ಜೊತೆ ನಾನೂ ಬಸುರಿ ಅಂದುಕೊಂಡಿದ್ದೆ

ನನಗಾದದ್ದು ಕಾಯಿಲೆಯೋ ಅಲ್ಲವೋ, ಈಗಲೂ ಖಚಿತವಾಗಿ ಹೇಳಲಾರೆ. ಡಾಕ್ಟರಮ್ಮ ಕಾಯಿಲೆ ಅಲ್ಲ ಎಂದರು. ಆದರೆ ಹೆಚ್ಚುಕಡಿಮೆ ಮೂರು ವರ್ಷ ನಾನು ಕಾಯಿಲೆಯವಳ ಹಾಗೇ ಬದುಕಿದೆ. ಹೋದ ತಿಂಗಳು ನನ್ನ ತಂಗಿ ಕಾಗದ ಬರೆದಿದ್ದಳು. "ಅಕ್ಕ, ನನಗೆ ಹುಚ್ಚು ಹಿಡೀತಿದೆಯೇನೋ, ಯಾರ ಹತ್ತಿರವೂ ಹೇಳಬೇಡ" ಅಂತ. ಅವಳಿಗೆ ನಲವತ್ತೇಳು. ಉತ್ತರ ಬರೆಯಲು ಕೂತೆ. ಒಂದು ಇನ್‌ಲ್ಯಾಂಡಿನಲ್ಲಿ ಮುಗಿಯುವ ಮಾತಲ್ಲ ಇದು ಅನ್ನಿಸಿತು. ಅವಳಿಗೆಂದು ಶುರು ಮಾಡಿದ್ದು ಹೀಗೆ ಉದ್ದವಾಯಿತು.

ಬೇಲೂರಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ನಮ್ಮ ಮನೆಯವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದೆ. ಊರಿನ ಅರ್ಧ ಹೆಂಗಸರ ಅಳತೆ ನನಗೆ ಪುಸ್ತಕ ನೋಡದೆ ಗೊತ್ತಿತ್ತು. ಯಾರು ದಪ್ಪಗಾದರು, ಯಾರು ಸೊರಗಿದರು, ಯಾರು ಬಸುರಿಯಾದರು ಎನ್ನುವುದು ಅವರ ಮನೆಯವರಿಗಿಂತ ಮೊದಲು ನನ್ನ ಟೇಪಿಗೆ ತಿಳಿಯುತ್ತಿತ್ತು. ನನ್ನ ಮೈಗೆ ಏನಾಗುತ್ತಿದೆ ಎಂಬುದು ಮಾತ್ರ ತಿಳಿಯಲಿಲ್ಲ.

ಮೊದಲ ಸಲ ಆದದ್ದು ಪುಷ್ಯ ಮಾಸದಲ್ಲಿ. ಬೆಳಿಗ್ಗೆ ಒಂಬತ್ತಾದರೂ ಚಳಿ ಬಿಟ್ಟಿರಲಿಲ್ಲ. ಸ್ಕೂಲಿನ ಟೀಚರೊಬ್ಬರು ಬಂದಿದ್ದರು. ಅವರ ತೋಳಿನ ಸುತ್ತಳತೆ ತೆಗೆಯುತ್ತಿದ್ದೆ. ಎದೆಯ ನಡುವಿನಿಂದ ಏನೋ ಹತ್ತಿಕೊಂಡ ಹಾಗೆ ಬಿಸಿ ಮೇಲೇರಿತು. ಕತ್ತು, ಕಿವಿ, ನೆತ್ತಿ ಎಲ್ಲ ಕಾದು ಹೋಯಿತು. ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಂಡರೆ ಸೆರಗು ಒದ್ದೆ. ಟೀಚರು ಶಾಲು ಹೊದ್ದು ನಿಂತಿದ್ದವರು, "ಯಾಕ್ರೀ ಸರೋಜಮ್ಮ, ಜ್ವರವಾ?" ಎಂದರು. ಹಣೆ ಮುಟ್ಟಿಕೊಂಡೆ. ತಣ್ಣಗಿತ್ತು. ಎರಡು ನಿಮಿಷದಲ್ಲಿ ಎಲ್ಲ ಇಳಿದು ಚಳಿ ಹತ್ತಿ ನಡುಗತೊಡಗಿದೆ. "ಒಲೆ ಮುಂದಿಂದ ಬಂದೆ ನೋಡಿ, ಅದಕ್ಕೆ" ಅಂದೆ. ಒಲೆ ಆರಿಸಿ ಒಂದು ಗಂಟೆಯಾಗಿತ್ತು.

ಆಮೇಲೆ ಅದು ದಿನಕ್ಕೆ ನಾಲ್ಕು ಸಲ, ಆರು ಸಲ ಬರತೊಡಗಿತು. ನಿದ್ದೆ ಹೋಯಿತು. ನಿದ್ದೆ ಇಲ್ಲದ್ದಕ್ಕೆ ಹಗಲೆಲ್ಲ ತಲೆಯೊಳಗೆ ಹತ್ತಿ ತುಂಬಿದ ಹಾಗೆ. ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ನಿಂತುಕೊಳ್ಳುತ್ತಿದ್ದೆ. ಕೀಲುಗಳಲ್ಲಿ ನೋವು. ಮೆಷಿನ್ ತುಳಿಯುವಾಗ ಮಂಡಿ ಹಿಡಿದುಕೊಳ್ಳುತ್ತಿತ್ತು. ಅತ್ತೆ ಒಗ್ಗರಣೆಗೆ ಇಂಗು ಹಾಕಿಲ್ಲ ಎಂದರೆ ಅಳು. ನಮ್ಮ ಮನೆಯವರು ಬಾಗಿಲು ಜೋರಾಗಿ ಹಾಕಿದರೆ ಸಿಟ್ಟು. ಸಿಟ್ಟೆಂದರೆ ಅಂಥಿಂಥದ್ದಲ್ಲ. ಒಂದು ದಿನ ಅವರು ಹುಳಿ ಸಪ್ಪೆ ಎಂದದ್ದಕ್ಕೆ ಸೌಟನ್ನು ಗೋಡೆಗೆ ಎಸೆದೆ. ಅವರು ಎದ್ದು ಅಂಗಿ ಹಾಕಿಕೊಂಡು ಕಚೇರಿಗೆ ಹೋದರು. ನಾನು ಕೂತು ಗೋಡೆ ಒರೆಸಿದೆ. ಎಸೆದವಳು ಯಾರೋ, ಒರೆಸುತ್ತಿರುವವಳು ಯಾರೋ ಅನ್ನಿಸಿತು.

ಈ ನಡುವೆ ಮುಟ್ಟು ತಪ್ಪಿತು. ಒಂದು ತಿಂಗಳು ತಪ್ಪಿದಾಗ ಗಮನಿಸಲಿಲ್ಲ. ಎರಡನೆಯ ತಿಂಗಳು ಗಮನಿಸಿದೆ. ಮೂರನೆಯ ತಿಂಗಳು ಅತ್ತೆ ಗಮನಿಸಿದರು. ನಮ್ಮ ಮನೆಯಲ್ಲಿ ಆ ಮೂರು ದಿನ ಹೊರಗೆ ಕೂರುವ ಪದ್ಧತಿ ಇತ್ತಲ್ಲ, ಯಾರು ಯಾವಾಗ ಕೂತರು ಎಂಬುದನ್ನು ಅತ್ತೆಗೆ ಯಾರೂ ಹೇಳಬೇಕಿರಲಿಲ್ಲ. ಬಾವಿಕಟ್ಟೆಯ ಹತ್ತಿರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನೇ ಇದು?" ಎಂದರು. ಅಷ್ಟೇ. ನಾನು ಕೊಡ ಇಳಿಸಿ ಒಳಗೆ ಹೋದೆ.

ಅದೇ ವಾರ ಅರಸೀಕೆರೆಯಿಂದ ಮಗಳು ಲಲಿತಳ ಕಾಗದ ಬಂತು. ಅಳಿಯ ರೈಲ್ವೆಯಲ್ಲಿ ಕೆಲಸದಲ್ಲಿದ್ದ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. "ಅಮ್ಮ, ನಿನಗೊಂದು ಸಂತೋಷದ ವಿಷಯ" ಎಂದು ಶುರುವಾದ ಕಾಗದವನ್ನು ನಮ್ಮ ಮನೆಯವರು ಜೋರಾಗಿ ಓದಿದರು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ನಾನು ನಗುತ್ತಾ ನಿಂತಿದ್ದೆ. ಮಗಳಿಗೆ ಮೂರು ತಿಂಗಳು. ನನಗೂ ಮೂರು ತಿಂಗಳು.

ಆ ಭಯ ಏನೆಂದು ಈಗಿನವರಿಗೆ ಹೇಗೆ ಹೇಳಲಿ? ನಲವತ್ತೈದನೆಯ ವಯಸ್ಸಿನಲ್ಲಿ, ಮಗಳ ಬಾಣಂತನ ಮಾಡಬೇಕಾದವಳು, ತಾನೇ ಹೊಟ್ಟೆ ಹೊತ್ತು ಬೀದಿಯಲ್ಲಿ ಓಡಾಡುವುದು. ಅಳಿಯನ ಮುಂದೆ ನಿಲ್ಲುವುದು. ಅಳತೆ ಕೊಡಲು ಬಂದ ಹೆಂಗಸರು ಟೇಪಿನ ಆ ಕಡೆಯಿಂದ ನನ್ನ ಹೊಟ್ಟೆ ನೋಡುವುದು. ಲಲಿತ ಹುಟ್ಟಿದ ಮೇಲೆ ನನಗೆ ಎರಡು ಸಲ ಬಸುರು ನಿಂತು ಇಳಿದು ಹೋಗಿತ್ತು, ಒಂದು ಮೂರು ತಿಂಗಳಿಗೆ, ಇನ್ನೊಂದು ಐದು ತಿಂಗಳಿಗೆ. ಆಮೇಲೆ ಇಪ್ಪತ್ತು ವರ್ಷ ಏನೂ ಇಲ್ಲ. ಆದ್ದರಿಂದ ಆಪರೇಷನ್ನಿನ ಯೋಚನೆಯನ್ನೇ ನಾವು ಮಾಡಿರಲಿಲ್ಲ.

ಕೆಟ್ಟದ್ದನ್ನೂ ಬರೆಯಬೇಕು, ಇಲ್ಲದಿದ್ದರೆ ಬರೆಯುವುದೇ ಬೇಡ. ನಾನು ಕರಿ ಎಳ್ಳು, ಹಳೇ ಬೆಲ್ಲ ಕುಟ್ಟಿ ಉಂಡೆ ಮಾಡಿ ಸೀರೆಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡು ಹತ್ತು ದಿನ ತಿಂದೆ. ಹಿತ್ತಲಿನ ಪರಂಗಿಕಾಯಿ ಪಲ್ಯ ಮಾಡಿ ನಾನೊಬ್ಬಳೇ ತಿಂದೆ. ತಿನ್ನುವಾಗ ಹಿಂದೆ ಹೋದ ಎರಡು ನೆನಪಾಗುತ್ತಿದ್ದವು. ಆಗ ಉಳಿಯಲಿ ಎಂದು ಹರಕೆ ಹೊತ್ತವಳು ಈಗ ಹೋಗಲಿ ಎಂದು ತಿನ್ನುತ್ತಿದ್ದೆ. ಏನೂ ಆಗಲಿಲ್ಲ. ಹೊಟ್ಟೆ ಕೆಟ್ಟಿತು, ಅಷ್ಟೇ.

ಕೆಲಸವೂ ಕೆಟ್ಟಿತು. ಹಳೇಬೀಡಿನ ಪದ್ಮಾವತಮ್ಮನವರು ನನ್ನ ಹಳೆಯ ಗಿರಾಕಿ, ಬಟ್ಟೆ ವ್ಯಾಪಾರದ ಜೈನರ ಮನೆಯವರು, ಅರವತ್ತು ದಾಟಿದವರು. ಮೊಮ್ಮಗಳ ಮದುವೆಗೆಂದು ಒಂದು ರೇಷ್ಮೆ ರವಿಕೆ ಕಣ ಕೊಟ್ಟು ಹೋಗಿದ್ದರು. ಅವರ ತಾಯಿಯ ಸೀರೆಯಿಂದ ತೆಗೆದಿಟ್ಟದ್ದು, ಅಂಥ ಅಂಚು ಈಗ ನೇಯುವವರಿಲ್ಲ. ತೋಳಿನ ತುದಿಗೆ ಬರಬೇಕಾದ ಅಂಚು ಹೆಗಲಿಗೆ ಬರುವ ಹಾಗೆ ಕತ್ತರಿಸಿಬಿಟ್ಟೆ. ಒಂದಲ್ಲ, ಎರಡೂ ತೋಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಹಾಗೆ ಮಾಡಿದವಳಲ್ಲ. ತುಂಡುಗಳನ್ನು ಮುಂದಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಅತ್ತೆ ಬಂದು ಅನ್ನ ಸೀದ ವಾಸನೆ ಬಂದಿಲ್ಲವೇ ಎಂದು ಕೇಳಿದಾಗಲೇ ಎಚ್ಚರ.

ಬೇಲೂರಿನಲ್ಲಿ ಡಾಕ್ಟರ ಹತ್ತಿರ ಹೋಗುವ ಹಾಗಿರಲಿಲ್ಲ. ಬಾಗಿಲ ಮುಂದೆ ಚಪ್ಪಲಿ ಬಿಟ್ಟರೆ ಸಾಕು, ಯಾರ ಚಪ್ಪಲಿ ಎಂದು ಬೀದಿಗೆ ಗೊತ್ತಾಗುತ್ತಿತ್ತು. ಲಲಿತಳನ್ನು ನೋಡಿಕೊಂಡು ಬರುತ್ತೇನೆ ಎಂದು ಅರಸೀಕೆರೆ ಬಸ್ಸು ಹತ್ತಿದೆ. ಅವಳನ್ನು ತೋರಿಸಲು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಅಲ್ಲೇ ನಾನೂ ಹೇಗಾದರೂ ತೋರಿಸಿಕೊಳ್ಳುವುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಡಾಕ್ಟರಮ್ಮನ ಮನೆಯ ಜಗಲಿಯೇ ಕಾಯುವ ಜಾಗ. ಎರಡು ಬೆಂಚು, ಅದರ ತುಂಬ ಬಸುರಿಯರು, ಬಾಣಂತಿಯರು, ಅಳುವ ಕೂಸುಗಳು. ಒಳಗಿಂದ ಒಬ್ಬ ಆಯಾ ಬಂದು ಚೀಟಿ ನೋಡಿ ಹೆಸರು ಕೂಗುತ್ತಿದ್ದಳು. ಲಲಿತ ನನ್ನ ಪಕ್ಕ ಸಂಭ್ರಮದಲ್ಲಿ ಕೂತಿದ್ದಳು. ಮಾತು, ಮಾತು. ಏನು ತಿಂದರೂ ಸೇರದು, ಸೀಮೆಎಣ್ಣೆ ವಾಸನೆ ಆಗದು. ನನಗೆ ಬಿಸಿ ಏರುತ್ತಿತ್ತು, ಕೇಳಿಸಿಕೊಳ್ಳುವ ತ್ರಾಣ ಇರಲಿಲ್ಲ. ಅವಳನ್ನು ಒಳಗೆ ಕರೆದಾಗ ಎದುರು ಬೆಂಚಿನಲ್ಲಿದ್ದ ಹಳ್ಳಿಯ ಹೆಂಗಸು ನನ್ನ ಬೆವರು ನೋಡಿ ಮುಂದಕ್ಕೆ ಬಾಗಿದಳು.

"ಏನಕ್ಕ, ನಿಂಗೂ ಐತಾ?"

"ಇಲ್ಲಪ್ಪ, ಮಗಳ ಜೊತೆ ಬಂದಿದೀನಿ."

"ನಾಚ್ಕೆ ಯಾಕಕ್ಕ. ನಮ್ಮೂರಲ್ಲಿ ಅತ್ತೆ ಸೊಸೆ ಇಬ್ರೂ ಒಂದೇ ತಿಂಗ್ಳಲ್ಲಿ ಹೆತ್ರು. ಒಂದೇ ತೊಟ್ಲು, ಎಲ್ಡು ಕಡೆ ತಲೆ ಹಾಕಿ ಮಲಗುಸ್ತಿದ್ರು."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಬೆಂಚಿನಲ್ಲಿದ್ದ ಇನ್ನಿಬ್ಬರು ನಕ್ಕರು. ನಾನು ಎದ್ದು ಬೀದಿಗೆ ಇಳಿದು ನಿಂತೆ.

ಲಲಿತ ಹೊರಗೆ ಬಂದ ಮೇಲೆ, "ಹೋಗಿ ಎಳನೀರು ಕುಡಿದು ಬಾ, ನಾನು ಔಷಧಿ ಚೀಟಿ ಕೇಳ್ಕೊಂಡು ಬರ್ತೀನಿ" ಎಂದು ಕಳಿಸಿದೆ. ಆಯಾಳಿಗೆ ಮೆಲ್ಲಗೆ ಹೇಳಿಕೊಂಡೆ. ಅವಳು ನನ್ನ ಹೆಸರು ಕೂಗಲಿಲ್ಲ. ಸರದಿ ಬಂದಾಗ ಹತ್ತಿರ ಬಂದು ಮೊಣಕೈ ಮುಟ್ಟಿ, "ಬನ್ನಿ" ಎಂದಳು. ಅಷ್ಟು ದೊಡ್ಡ ಉಪಕಾರವನ್ನು ಆ ವರ್ಷ ಇನ್ಯಾರೂ ಮಾಡಲಿಲ್ಲ.

ಡಾಕ್ಟರಮ್ಮನಿಗೆ ನನ್ನ ವಯಸ್ಸೇ ಇರಬಹುದು. ದಣಿದ ಮುಖ. ಪರೀಕ್ಷೆ ಮಾಡಿ ಕೈ ತೊಳೆಯುತ್ತಾ, "ಎಷ್ಟು ದಿನದಿಂದ ಹೀಗೆ ಹೆದರಿಕೊಂಡಿದೀರ?" ಎಂದು ಕೇಳಿದರು.

"ಎರಡು ತಿಂಗಳಾಯ್ತು."

"ಬಸುರಲ್ಲಮ್ಮ. ಮುಟ್ಟು ನಿಲ್ಲೋ ಕಾಲ. ಈ ಸೆಖೆ, ಬೆವರು, ನಿದ್ದೆ ಇಲ್ಲದ್ದು, ಸಿಟ್ಟು ಬರೋದು, ಎಲ್ಲ ಅದರದ್ದೇ. ಕಾಯಿಲೆ ಅಲ್ಲ."

"ಯಾವಾಗ ಹೋಗುತ್ತೆ?"

"ಕೆಲವರಿಗೆ ಒಂದು ವರ್ಷ. ಕೆಲವರಿಗೆ ಮೂರು, ನಾಲ್ಕು." ಚೀಟಿ ಎಳೆದುಕೊಂಡು, "ನಿಮಗೆ ರಕ್ತ ಬಹಳ ಕಡಿಮೆ ಇದೆ, ಅದಕ್ಕೆ ಮಾತ್ರೆ ಬರೆದುಕೊಡ್ತೀನಿ. ಉಳಿದದ್ದಕ್ಕೆ ನನ್ನ ಹತ್ರ ಹೆಚ್ಚೇನೂ ಇಲ್ಲ. ಪೂರ್ತಿ ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ತಡ ಮಾಡದೆ ಬನ್ನಿ" ಎಂದರು.

ನನಗೆ ಬಿಡುಗಡೆಯಾಗಬೇಕಿತ್ತು. ದೇವರೇ ಎಂದು ಕೈ ಮುಗಿಯಬೇಕಿತ್ತು. ಲಲಿತಳ ಮನೆಯಲ್ಲಿ ಊಟ ಮಾಡಿ, ಅವಳಿಗೆ ಏನೂ ಹೇಳದೆ, ಮಧ್ಯಾಹ್ನದ ಬಸ್ಸು ಹತ್ತಿದೆ. ಬಸ್ಸು ಜಾವಗಲ್ಲು ದಾಟುವ ಹೊತ್ತಿಗೆ ಅಳು ಬಂತು. ಬಸುರಲ್ಲ ಎಂದಮೇಲೆ ಅಳು ಯಾಕೆ ಎಂದು ನನ್ನನ್ನೇ ಕೇಳಿಕೊಂಡೆ. ಬೇಡ, ಬೇಡ ಎಂದು ಎಳ್ಳುಂಡೆ ತಿಂದವಳು ಒಳಗೊಳಗೇ ಅದಕ್ಕೊಂದು ಮುಖ ಮಾಡಿಟ್ಟಿದ್ದೆನೇನೋ. ಇನ್ನು ಯಾವತ್ತೂ ಇಲ್ಲ ಎಂಬ ಮಾತನ್ನು ಯಾರೋ ಹೇಳಿ ಬಾಗಿಲು ಹಾಕಿದ ಹಾಗಾಗಿತ್ತು. ಹೋದ ಎರಡು ಮಕ್ಕಳಿಗೂ ನಾನು ಅತ್ತಿರಲಿಲ್ಲ, ಆಗ ಅಳಲು ಮನೆಯಲ್ಲಿ ಪುರುಸೊತ್ತಿರಲಿಲ್ಲ. ಆ ಅಳುವೂ ಇದರ ಜೊತೆ ಸೇರಿಕೊಂಡಿತು. ಪಕ್ಕದ ಸೀಟಿನ ಮುದುಕಿ ಏನೂ ಕೇಳದೆ ಕಿಟಕಿಯ ಕಡೆಯ ಜಾಗ ಬಿಟ್ಟುಕೊಟ್ಟಳು.

ಹಳೇಬೀಡಿನಲ್ಲಿ ಇಳಿದುಬಿಟ್ಟೆ. ಪದ್ಮಾವತಮ್ಮನವರ ಕಣದ ತುಂಡುಗಳು ಚೀಲದಲ್ಲಿದ್ದವು. ಬರುವಾಗಲೇ ಹೇಳಿ ಮುಗಿಸಿಬಿಡಬೇಕೆಂದು ತಂದಿದ್ದೆ. ಈ ಮುಖ ಹೊತ್ತು ನೇರ ಮನೆಗೆ ಹೋಗುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಅನ್ನಿಸಿತು.

ಅವರು ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಕಾಳು ಆರಿಸುತ್ತಾ ಕೂತಿದ್ದರು. ತುಂಡುಗಳನ್ನು ಮುಂದಿಟ್ಟು, "ನನ್ನ ಕೈಯಲ್ಲಿ ಹಾಳಾಯಿತು, ತಾಯಿ" ಎಂದೆ. ಅವರು ಒಂದೊಂದನ್ನೇ ಎತ್ತಿ ಅಂಚು ಸವರಿ ನೋಡಿದರು. ನೋವಾಯಿತು ಎಂಬುದು ಮುಖದಲ್ಲಿ ಕಾಣುತ್ತಿತ್ತು, ಮುಚ್ಚಿಕೊಳ್ಳಲಿಲ್ಲ. ಆಮೇಲೆ ನನ್ನ ಕಡೆ ನೋಡಿದರು.

"ನಿನಗೆ ಏನಾಗಿದೆ ಸರೋಜ?"

ಅದನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಮನೆಯಲ್ಲಿ ಏನೇ ಇದು ಅಂದರು, ಜ್ವರವಾ ಅಂದರು, ಐತಾ ಅಂದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಎಳ್ಳುಂಡೆಯನ್ನೂ ಹೇಳಿದೆ. ಜೀವದಯೆಯ ಮನೆ ಅದು, ಅಸಹ್ಯ ಪಡುತ್ತಾರೇನೋ ಎಂದು ತಲೆ ಎತ್ತಲಿಲ್ಲ.

ಅವರು ಕಾಳಿನ ಮೊರ ಬದಿಗೆ ಸರಿಸಿ ಎದ್ದರು. "ಬಾ, ಬಸದಿಗೆ ಹೋಗಿ ಬರೋಣ. ಮಾತಾಡುತ್ತಾ ಹೋದರೆ ದೂರ ಅನ್ನಿಸಲ್ಲ."

ಬಸ್ತಿಹಳ್ಳಿಯ ಬಸದಿಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ದರ್ಶನ ಮಾಡಿಕೊಂಡು ಅವರು ನವರಂಗದ ಕಪ್ಪು ಕಂಬವೊಂದಕ್ಕೆ ಬೆನ್ನು ಕೊಟ್ಟು ಕೂತರು. ಕನ್ನಡಿಯ ಹಾಗೆ ಹೊಳೆಯುವ ಕಂಬ ಅದು. "ನೀನೂ ಕೂತ್ಕೊ" ಎಂದರು. ಕೂತೆ. ರವಿಕೆಯ ಮೇಲಿನಿಂದ ಕಲ್ಲಿನ ತಂಪು ಬೆನ್ನಿಗಿಳಿಯಿತು.

"ನನಗೆ ನಲವತ್ತೆಂಟು ಆಗ," ಎಂದರು. "ದಿನಾ ಇಲ್ಲಿಗೆ ಬರ್ತಿದ್ದೆ. ಎಲ್ಲರೂ ಪದ್ಮಾವತಮ್ಮನಿಗೆ ಭಕ್ತಿ ಜಾಸ್ತಿಯಾಯ್ತು ಅಂದ್ಕೊಂಡ್ರು. ಭಕ್ತಿ ಎಲ್ಲಿ ಬಂತು, ಈ ಕಂಬ ತಣ್ಣಗಿರುತ್ತೆ ಅಂತ ಬರ್ತಿದ್ದೆ ಕಣೇ."

ನನಗೆ ನಗು ಬಂತು. ಅವರೂ ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದೆ.

"ಬಾವಿಗೆ ಬೀಳಬೇಕು ಅನ್ನಿಸ್ತಿತ್ತು ಒಂದೊಂದು ದಿನ," ಎಂದರು. "ಯಾಕೆ ಅಂತ ಕೇಳಿದ್ರೆ ಕಾರಣ ಇಲ್ಲ. ಗಂಡ ಒಳ್ಳೆಯವರು, ಮನೆ ತುಂಬಿತ್ತು. ಕಾರಣ ಇಲ್ಲದ ದುಃಖ ಯಾರಿಗೆ ಹೇಳೋದು? ಹಾಗೇ ದಿನ ಕಳೀತು. ಒಂದಿನ ನೋಡ್ತೀನಿ, ಆ ಯೋಚನೆ ಬಂದು ಬಹಳ ದಿನ ಆಗಿತ್ತು. ಯಾವಾಗ ಹೋಯ್ತೋ ಗೊತ್ತಾಗಲಿಲ್ಲ."

"ಆ ಉಂಡೆ..." ಎಂದೆ.

"ಅಲ್ಲಿ ಏನೂ ಇರಲಿಲ್ಲವಲ್ಲ. ನಿನ್ನ ಹೆದರಿಕೆಗೆ ನೀನು ತಿಂದೆ. ಅದನ್ನ ಹೊತ್ಕೊಂಡು ತಿರುಗಬೇಡ."

ಹೊತ್ತು ಮುಳುಗುವುದರೊಳಗೆ ಅವರ ಊಟವಾಗಬೇಕು. ಆದ್ದರಿಂದ ಬೇಗ ಹಿಂದಿರುಗಿದೆವು. ನನಗೂ ಬಡಿಸಿದರು. ಹಾಳಾದ ತೋಳಿನ ಮಾತು ಮತ್ತೆ ಎತ್ತಲಿಲ್ಲ. ಹೊರಡುವಾಗ ಮಾತ್ರ, "ಇನ್ನೊಂದು ಕಣ ಕಳಿಸ್ತೀನಿ, ನೀನೇ ಹೊಲೀಬೇಕು" ಎಂದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ತಂಗಿಗೆ ಮೋಸ ಮಾಡಿದ ಹಾಗೆ. ಸರಿಹೋಗಲಿಲ್ಲ. ಏನೆಂದು ಗೊತ್ತಾಯಿತು, ಅಷ್ಟೇ. ಬಿಸಿ ಬರುವುದು ನಿಲ್ಲಲಿಲ್ಲ, ನಿದ್ದೆ ಬರಲಿಲ್ಲ. ಐದು ತಿಂಗಳಾದ ಮೇಲೆ ಒಮ್ಮೆ ಮುಟ್ಟು ಬಂದು ಹತ್ತು ದಿನ ಹೋಯಿತು, ಎದ್ದು ನಿಂತರೆ ಕಣ್ಣು ಕತ್ತಲೆ. ಹೊಲಿಗೆ ಅರ್ಧಕ್ಕೆ ಇಳಿಸಿದೆ. ಕತ್ತರಿಸುವ ಮೊದಲು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ 'ತುದಿ', 'ಹೆಗಲು' ಎಂದು ಬರೆದಿಟ್ಟುಕೊಳ್ಳತೊಡಗಿದೆ, ಕಲಿಯಲು ಬಂದ ಹುಡುಗಿಯರ ಹಾಗೆ.

ಆ ಸ್ಥಿತಿಯಲ್ಲೇ ಲಲಿತ ಹೆರಿಗೆಗೆ ಬಂದಳು. ಹೆಣ್ಣುಮಗು. ಬಾಣಂತನದ ಬಚ್ಚಲು ಹೇಗಿರುತ್ತದೆ ಎಂದು ಗೊತ್ತಲ್ಲ. ಹಂಡೆ ತುಂಬ ಕುದಿಯುವ ನೀರು, ಹೊಗೆ, ಮುಚ್ಚಿದ ಬಾಗಿಲು. ಮಗಳಿಗೆ ನೀರು ಹಾಕುತ್ತಾ ನನ್ನ ಬಿಸಿ ಯಾವುದು, ಹಂಡೆಯ ಬಿಸಿ ಯಾವುದು ತಿಳಿಯುತ್ತಿರಲಿಲ್ಲ. ಏಳನೆಯ ದಿನವೋ ಎಂಟನೆಯ ದಿನವೋ ಚೊಂಬು ಕೈಯಿಂದ ಜಾರಿತು, ನಾನು ಗೋಡೆ ಹಿಡಿದು ಕುಸಿದೆ. ಲಲಿತ ಕೂಗಿಕೊಂಡಳು. ಅತ್ತೆ ಬಂದರು. ಎಪ್ಪತ್ತೈದು ದಾಟಿದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ರಟ್ಟೆ ಹಿಡಿದು ಹೊರಗೆ ಹಿತ್ತಲ ಕಟ್ಟೆಯ ಮೇಲೆ ಕೂರಿಸಿದರು.

"ಇಲ್ಲಿ ಕೂತಿರು. ನೀರು ನಾನು ಹಾಕ್ತೀನಿ."

"ನಿಮ್ಮ ಕೈಲಿ ಆಗಲ್ಲ ಅತ್ತೆ."

"ನಿನ್ನ ಕೈಲಿ ಆಗುತ್ತಾ?" ಎಂದರು. ಬಾಗಿಲಲ್ಲಿ ತಿರುಗಿ, "ನಿನ್ನ ಗಂಡ ಎಸ್.ಎಸ್.ಎಲ್.ಸಿ. ಓದೋ ವರ್ಷ ನನಗೂ ಹಿಂಗೇ ಆಗಿತ್ತು. ನಾನು ಯಾರ ಮುಂದೆ ಅಂದೆ?" ಎಂದು ಒಳಗೆ ಹೋದರು.

ಅದು ಗದರಿಕೆಯೋ ಸಮಾಧಾನವೋ ಈಗಲೂ ನನಗೆ ಗೊತ್ತಿಲ್ಲ. ಆದರೆ ಬಾಣಂತನ ಮುಗಿಯುವವರೆಗೆ ನೀರು ಹಾಕಿದ್ದು ಅವರೇ. ಅಂದು ಸಂಜೆ ಲಲಿತ ಮಗುವಿಗೆ ಹಾಲು ಕೊಡುತ್ತಾ, "ಅಮ್ಮ, ನಿನಗೇನು ಕಾಯಿಲೆ, ನಿಜ ಹೇಳು" ಎಂದು ಅತ್ತಳು. ಅವಳು ಕ್ಯಾನ್ಸರ್ ಅಂದುಕೊಂಡಿದ್ದಳು. ಹೇಳಿದೆ. ಅರಸೀಕೆರೆಯ ಡಾಕ್ಟರಮ್ಮನ ವಿಷಯವನ್ನೂ ಹೇಳಿದೆ. ಅವಳು ಕಣ್ಣು ಅಗಲ ಮಾಡಿ, "ನನ್ನನ್ನ ಎಳನೀರು ಕುಡಿಯೋಕೆ ಕಳಿಸಿದ್ದು ಅದಕ್ಕಾ?" ಎಂದು ಮಗು ಬೆಚ್ಚಿ ಬೀಳುವ ಹಾಗೆ ನಕ್ಕಳು.

ನಮ್ಮ ಮನೆಯವರಿಗೆ ಮಾತ್ರ ನಾನು ಹೇಳಿರಲಿಲ್ಲ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಮುಟ್ಟು ಎಂಬ ಪದವನ್ನು ನಾವು ಒಬ್ಬರಿಗೊಬ್ಬರು ಆಡಿದವರಲ್ಲ. ಹೊರಗೆ ಕೂತರೆ ಅವರಿಗೆ ಕಾಣುತ್ತಿತ್ತು, ಅಷ್ಟರಲ್ಲೇ ಮುಗಿಯುತ್ತಿತ್ತು.

ಮಗಳು, ಮೊಮ್ಮಗಳು ಅರಸೀಕೆರೆಗೆ ಹೋಗಿ ಒಂದು ವರ್ಷದ ಮೇಲಾಗಿತ್ತು. ಒಂದು ಭಾನುವಾರ ಮಧ್ಯಾಹ್ನ, ಅತ್ತೆ ಮಲಗಿದ್ದರು. ಇಬ್ಬರೂ ಎದುರುಬದುರು ಊಟಕ್ಕೆ ಕೂತಿದ್ದೆವು. ಮಜ್ಜಿಗೆಯ ಹೊತ್ತಿಗೆ ನನಗೆ ಬಿಸಿ ಏರಿತು. ನಾನು ಎದ್ದು ಹೋಗುವ ಅಭ್ಯಾಸ ಮಾಡಿಕೊಂಡಿದ್ದೆ. ಆ ದಿನ ಏಳುವ ಶಕ್ತಿ ಇರಲಿಲ್ಲ. ಬೆವರು ತಟ್ಟೆಯೊಳಗೆ ತೊಟ್ಟಿಕ್ಕಿತು. ಅವರು ನೋಡಿದರು.

"ನನಗೆ ಮುಟ್ಟು ನಿಂತಿದೆ," ಎಂದೆ. "ಅದಕ್ಕೇ ಇದೆಲ್ಲ."

ಅವರ ಕೈ ಮಜ್ಜಿಗೆಯ ಪಾತ್ರೆಯ ಮೇಲೇ ನಿಂತಿತು. ಕಿವಿ ಕೆಂಪಾಯಿತು.

"ಯಾವಾಗಿಂದ?"

"ಲಲಿತ ಬಸುರಿಯಾದಾಗಿನಿಂದ."

"ಅಷ್ಟು ದಿನದಿಂದಲಾ?" ಎಂದರು. ತಟ್ಟೆ ನೋಡುತ್ತಾ, "ನಾನು, ನಿನಗೆ ನನ್ನ ಜೊತೆ ಇರೋದೇ ಬೇಜಾರಾಗಿದೆ ಅಂದ್ಕೊಂಡಿದ್ದೆ" ಎಂದರು.

ಅವರೂ ಒಬ್ಬರೇ ಇಷ್ಟು ದಿನ ಏನೋ ಹೊತ್ತುಕೊಂಡು ಕಚೇರಿಗೆ ಹೋಗಿ ಬರುತ್ತಿದ್ದರು ಎಂದು ನನಗೆ ಆಗ ಹೊಳೆಯಿತು. ಇಲ್ಲ ಎಂದು ತಲೆ ಆಡಿಸಿದೆ.

ಅವರು ಎದ್ದು ಕೈ ತೊಳೆದು ಬಂದರು. "ನೀನು ಏಳಬೇಡ" ಎಂದು ನನ್ನ ತಟ್ಟೆಯನ್ನೂ ತೆಗೆದುಕೊಂಡು ಬಚ್ಚಲಲ್ಲಿ ಇಟ್ಟು ಬಂದರು. ಆಮೇಲೆ ಉಂಡ ಜಾಗಕ್ಕೆ ಗೋಮಯ ಹಾಕಿ ಒರೆಸಲು ಬಟ್ಟೆ ಎಲ್ಲಿದೆ ಎಂದು ಹುಡುಕಿದರು, ಸಿಗಲಿಲ್ಲ. ದೇವರ ಮನೆಯ ಬಟ್ಟೆ ಎಳೆದುಕೊಂಡು ಬಂದು, ಮಂಡಿಯೂರಿ, ನೆಲವನ್ನು ಒಳಗಿನಿಂದ ಹೊರಕ್ಕೆ ಒರೆಸುವುದರ ಬದಲು ಹೊರಗಿನಿಂದ ಒಳಕ್ಕೆ, ಅನ್ನದ ಅಗುಳನ್ನೆಲ್ಲ ನನ್ನ ಕಡೆಗೇ ತಳ್ಳುತ್ತಾ ಒರೆಸತೊಡಗಿದರು. ಅತ್ತೆ ಎದ್ದು ನೋಡಿದರೆ ಮನೆ ಹಾರಿಹೋಗುತ್ತಿತ್ತು. ನಾನು ತಿದ್ದಲಿಲ್ಲ, ಬಟ್ಟೆ ಕಿತ್ತುಕೊಳ್ಳಲಿಲ್ಲ. ಬೆವರು ಆರುವವರೆಗೂ ಅಲ್ಲೇ ಕೂತು ನೋಡುತ್ತಿದ್ದೆ.